ಗಡಿಯಾರ ಹಿಡಿದವನು ಕೈ ಹಚ್ಚಬಾರದು

ಯಾದಗಿರಿ ಸ್ಟೇಷನ್

ನಾನು ವಿಲಾಯತಿಗೆ ಹೋದದ್ದು ಬ್ಯಾರಿಸ್ಟರ್ ಆಗಲಿಕ್ಕಲ್ಲ, ಡಾಕ್ಟರ್ ಆಗಲಿಕ್ಕೂ ಅಲ್ಲ. ಬೇರೆಯವರು ದುಡಿಯುವುದನ್ನು ನಿಂತು ನೋಡುವುದು ಹೇಗೆ ಎಂದು ಕಲಿಯಲಿಕ್ಕೆ. ನಗಬೇಡಿ. ಸರ್ಕಾರವೇ ಖರ್ಚು ಹಾಕಿ ಕಳಿಸಿತು. ನಮ್ಮ ಅವ್ವನಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ದೇವಾಪುರದ ಕುರಿಗಾರರ ಮನೆಯಲ್ಲಿ ಹುಟ್ಟಿದ ನಾನು ನಾಲ್ಕಕ್ಷರ ಇಂಗ್ಲಿಷು ಕಲಿತ ಪುಣ್ಯಕ್ಕೆ ಶಹಾಪುರದ ಸರ್ಕಾರಿ ಉಣ್ಣೆ ಕೇಂದ್ರದಲ್ಲಿ ಮೇಲ್ವಿಚಾರಕನಾಗಿದ್ದೆ. ಹೆಂಗಸರು ಉಣ್ಣೆಯ ಕಸ ಬಿಡಿಸುತ್ತಿದ್ದರು, ನೂಲುತ್ತಿದ್ದರು. ಗಂಡಸರು ಕಂಬಳಿ ನೇಯುತ್ತಿದ್ದರು. ನಿಜಾಮರ ಕಾಲ ಮುಗಿದು ಕೆಲವು ವರ್ಷಗಳಾಗಿದ್ದವು. ಹೈದರಾಬಾದಿನ ಕಚೇರಿಗಳಿಂದ ದಿನಕ್ಕೊಂದು ಯೋಜನೆ ಹೊರಡುತ್ತಿತ್ತು. ಹಾಗೆ ಒಮ್ಮೆ ಬಂದ ದೊಡ್ಡ ಸಾಹೇಬರು ನಮ್ಮ ನೇಕಾರನೊಬ್ಬನನ್ನು ಕೇಳಿದರು, ಒಂದು ಕಂಬಳಿಗೆ ಎಷ್ಟು ಹೊತ್ತು ಬೇಕು? ಅವನು ತಲೆ ಕೆರೆದುಕೊಂಡು, "ಮಳಿ ಇದ್ರ ಒಂದ್ ನಮೂನಿರಿ, ಬಿಸಲಿದ್ರ ಒಂದ್ ನಮೂನಿ. ಮನ್ಯಾಗ ಬೀಗರು ಬಂದ್ರ ಮತ್ತೊಂದ್ ನಮೂನಿರಿ" ಎಂದ. ಸಾಹೇಬರ ಮುಖ ಕೆಂಪಗಾಯಿತು. ಕೆಲಸವನ್ನು ಅಳೆಯಲು ಬಾರದ ಈ ಜನ ಉದ್ಧಾರವಾಗುವುದು ಹೇಗೆ ಎಂದು ಅವರಿಗೆ ಚಿಂತೆ ಹತ್ತಿತು. ಆ ಚಿಂತೆಯ ಫಲವೇ ನನ್ನ ಪ್ರವಾಸ.

ಅವ್ವ ಸ್ಟೇಷನ್ನಿನ ತನಕ ಬಂದಿದ್ದಳು. ಮುಂಬಯಿ ಗಾಡಿ ಬರುವವರೆಗೂ ಅವಳದು ಒಂದೇ ಮಾತು.

"ಮಂದಿ ದುಡಿಯೂದು ನೋಡಾಕ ಸಮುದ್ರ ದಾಟಿ ಹೋಗಬೇಕೇನೋ ಮಾಳಪ್ಪಾ? ಇಲ್ಲೇ ಕಟ್ಟಿಮ್ಯಾಲ ಕುಂತು ನೋಡವರು ಬೇಕಾದಷ್ಟು ಮಂದಿ ಅದಾರ."

"ಬರೇ ನೋಡೂದಲ್ಲ ಯವ್ವಾ. ಗಡಿಯಾರ ಹಿಡಕೊಂಡು ನೋಡೂದು."

"ಅವರು ದುಡಿಯೂದು, ನೀ ನಿಂತು ನೋಡೂದು! ಅವರಿಗಿ ಸಿಟ್ಟು ಬರಂಗಿಲ್ಲೇನು?"

ಅವಳ ಗಾಬರಿಗೆ ಕಾರಣವಿತ್ತು. ನಮ್ಮ ಕಡೆ ಅಂಗಳದಲ್ಲಿ ಉಣ್ಣೆ ಹರವಿಕೊಂಡು ಕಸ ಬಿಡಿಸುವಾಗ ಯಾರು ಬಂದರೂ, ಬೀಗರೇ ಇರಲಿ, ಶಾಲೆಯಲ್ಲಿ ಕಲಿಸುವ ಮಾಸ್ತರರೇ ಇರಲಿ, ಅವರ ಮುಂದೆ ಒಂದು ಹಿಡಿ ಉಣ್ಣೆ ಸರಿಸುತ್ತಾರೆ. ಬಂದವರು ಕೂತು, ಮಾತಾಡುತ್ತ ಮಾತಾಡುತ್ತ, ಅದರೊಳಗಿನ ಮುಳ್ಳು, ಹುಲ್ಲು, ಗಂಟು ಕೀಳುತ್ತಾರೆ. ಎದ್ದು ಹೋಗುವಾಗ ಯಾರೂ ಯಾರಿಗೂ ಉಪಕಾರ ಹೇಳುವುದಿಲ್ಲ. ಕೈ ಹಚ್ಚದೆ ನಿಂತು ನೋಡುವವನು ಊರಿಗೆಲ್ಲ ಒಬ್ಬನೇ, ಕಂದಾಯ ಕೇಳಲು ಬಂದ ಜವಾನ. ಮಗ ಆ ಜಾತಿಗೆ ಸೇರಿದನಲ್ಲ ಎಂದು ಅವ್ವನಿಗೆ ಸಂಕಟವಾಗಿತ್ತು.

ಹಡಗಿನ ಮೇಲೆ

ಹಡಗಿನ ಬಗ್ಗೆ ಹೆಚ್ಚು ಬರೆಯಲಾರೆ, ಏಕೆಂದರೆ ಸುಯೆಜ್ ಮುಟ್ಟುವವರೆಗೆ ನಾನು ತಲೆ ಎತ್ತಲಿಲ್ಲ. ಹೊಟ್ಟೆಯಲ್ಲಿದ್ದ ದೇವಾಪುರದ ರೊಟ್ಟಿಯೆಲ್ಲ ಅರಬ್ಬಿ ಸಮುದ್ರದ ಪಾಲಾಯಿತು. ಅವ್ವ ಕೊಟ್ಟ ಕಂಬಳಿ ಹೊದ್ದು ಬಿದ್ದುಕೊಂಡಿದ್ದೆ. ಕಂಬಳಿಗೆ ಸಮುದ್ರದ ತೇವ ತಗುಲಿ, ಹಸಿ ಕುರಿಯ ವಾಸನೆ ಕೋಣೆಯ ತುಂಬ ಹರಡಿತು. ಜೊತೆಗಿದ್ದ ಗುಜರಾತಿ ವ್ಯಾಪಾರಿ ಮೂಗು ಮುಚ್ಚಿಕೊಂಡು ಕಪ್ತಾನನ ಹತ್ತಿರ ದೂರು ಒಯ್ದ. ನನಗಂತೂ ಆ ಹದಿನೈದಿಪ್ಪತ್ತು ದಿನ ಊರಿನ ಸುದ್ದಿ ಹೇಳಿದ್ದು ಆ ವಾಸನೆಯೊಂದೇ.

ಕಂಬಳಿಯ ಊರು

ನನ್ನನ್ನು ಕಳಿಸಿದ್ದು ಯಾರ್ಕ್‌ಷೈರ್ ಎಂಬ ಸೀಮೆಯ ಒಂದು ಪುಟ್ಟ ಊರಿಗೆ. ಅಲ್ಲಿ ಉಣ್ಣೆಯದೇ ಉಸಿರು. ಗುಡ್ಡದ ಮೇಲೆ ಕುರಿ, ಕಣಿವೆಯಲ್ಲಿ ಗಿರಣಿ. ಕಲ್ಲಿನ ಮನೆಗಳು ನಮ್ಮ ಶಹಾಪುರದ ಮನೆಗಳಂತೆಯೇ ಗಟ್ಟಿಮುಟ್ಟು, ಆದರೆ ಹೊಗೆ ಕುಡಿದು ಕರ್ರಗೆ. ಮಳೆ ಬರುತ್ತಿದೆಯೋ ನಿಂತಿದೆಯೋ ಹೇಳಲಾಗದಂಥ ಮಳೆ. ಒಂದು ಹನಿಗೆ ಮುಗಿಲು ನೋಡುವ ನಮ್ಮ ಜನ ಇದನ್ನು ಕಂಡಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಮೊದಲನೆಯ ಬೆಳಗ್ಗೆಯೇ ನನಗೆ ಆಘಾತ ಕಾದಿತ್ತು. ಇನ್ನೂ ಬೆಳಕು ಹರಿದಿರಲಿಲ್ಲ. ನಾನು ಮಲಗಿದ್ದ ಮಹಡಿಯ ಕಿಟಕಿಯ ಗಾಜಿನ ಮೇಲೆ ಯಾರೋ ಟಕಟಕ ಬಡಿದರು. ಮಹಡಿಯ ಕಿಟಕಿಯ ಹೊರಗೆ ಮನುಷ್ಯ ನಿಲ್ಲುವುದಾದರೂ ಹೇಗೆ? ಧೈರ್ಯ ಮಾಡಿ ಕಿಟಕಿ ತೆರೆದರೆ ಒಂದು ಉದ್ದನೆಯ ಕೋಲು, ತುದಿಗೆ ತಂತಿ, ನನ್ನ ಮೂಗಿಗೇ ಬಂತು. ಗಬಕ್ಕನೆ ಹಿಡಿದು ಎಳೆದೆ. ಕೆಳಗೆ ಬೀದಿಯಿಂದ ಒಬ್ಬ ಮುದುಕ ಕೂಗಿಕೊಂಡ. ಮನೆಯೊಡತಿ ನೆಲ್ಲಿ ಮೆಟ್ಟಿಲು ಹತ್ತಿ ಓಡಿ ಬಂದಳು.

"ಕೋಲು ಬಿಡೋ ತಮ್ಮಾ! ಆತ ಕಳ್ಳ ಅಲ್ಲ, ಎಬ್ಬಿಸಾಕ ಬಂದಾನ!"

ಗಿರಣಿಗೆ ಹೋಗುವವರನ್ನು ಹೀಗೆ ಕಿಟಕಿ ಬಡಿದು ಎಬ್ಬಿಸಲಿಕ್ಕೆಂದೇ ಆ ಊರಿನಲ್ಲಿ ಒಬ್ಬ ಮನುಷ್ಯ. ಅದೇ ಅವನ ಉದ್ಯೋಗ. ನಮ್ಮಲ್ಲಿ ಈ ಕೆಲಸವನ್ನು ಕೋಳಿ ಮಾಡುತ್ತದೆ ಎಂದೆ. ನೆಲ್ಲಿ ಬಿದ್ದು ಬಿದ್ದು ನಕ್ಕಳು. ಮುದುಕ ಮಾತ್ರ ನಾನಿದ್ದ ಅಷ್ಟು ದಿನವೂ ನಮ್ಮ ಕಿಟಕಿಯ ಹತ್ತಿರ ಬಂದಾಗ ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುತ್ತಿದ್ದ.

ನೆಲ್ಲಿಯ ಮಾತನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆದೆನಲ್ಲ, ಅದಕ್ಕೆ ಕಾರಣವಿದೆ. ಆ ಸೀಮೆಯ ಇಂಗ್ಲಿಷು ಥೇಟ್ ನಮ್ಮ ಮಾತಿನ ಹಾಗೆ. ಗಡುಸು, ಚುಟುಕು, ಎದೆಗೆ ಗುದ್ದಿದಂತೆ. ಲಂಡನ್ನಿನವರು ಅದನ್ನು ಕೇಳಿ ಮುಖ ಹಿಂಡುತ್ತಾರಂತೆ. ನಮ್ಮ ಮಾತು ಕೇಳಿ ತುಂಗಭದ್ರೆಯ ಆಚೆಯವರು ಜಗಳಾಡುತ್ತಿದ್ದೀರಾ ಎಂದು ಕೇಳುವುದಿಲ್ಲವೆ, ಹಾಗೆ. ಆಕೆ ನನ್ನನ್ನು ಕರೆಯುತ್ತಿದ್ದ ಅವರ ಸಲಿಗೆಯ ಮಾತಿಗೆ 'ತಮ್ಮಾ' ಬಿಟ್ಟು ಬೇರೆ ಮಾತು ನನಗೆ ಹೊಳೆಯುವುದಿಲ್ಲ. ನಾನೂ ಮನಸ್ಸಿನಲ್ಲಿ ಆಕೆಯನ್ನು ನೆಲ್ಲಿಬಾಯಿ ಎಂದೇ ಕರೆಯುತ್ತಿದ್ದೆ. ಐವತ್ತು ದಾಟಿದ ವಿಧವೆ. ತನ್ನ ಕುರ್ಚಿಯಲ್ಲಿ ನಾಯಿಯನ್ನು ಕೂರಿಸಿ, ತಾನು ಒಲೆಯ ಮುಂದೆ ಮಣೆಯ ಮೇಲೆ ಕೂರುವವಳು. ಅದನ್ನು ಕಂಡು ನಾನು ಎರಡು ದಿನ ದಂಗಾಗಿದ್ದೆ, ಮೂರನೆಯ ದಿನ ಆ ನಾಯಿಗೇ ಜಾಗ ಬಿಟ್ಟೆ.

ಗಿರಣಿಯಲ್ಲಿ

ನೆಲ್ಲಿಬಾಯಿ ದುಡಿಯುತ್ತಿದ್ದ ಗಿರಣಿಯಲ್ಲೇ ನನ್ನ ಪಾಠ. ಕಲಿಸುವವರು ಪ್ರ್ಯಾಟ್ ಸಾಹೇಬರು. ಅವರು ಲಂಡನ್ ಕಡೆಯವರು, ಒಳ್ಳೆಯವರು, ಮೃದು. ಅವರ ಮಾತನ್ನು ಮೈಸೂರಿನ ಕನ್ನಡದಲ್ಲೇ ಬರೆಯಬೇಕು. ಅವರ ಬಳಿ ಒಂದು ಹಲಗೆ. ಹಲಗೆಯ ಮೂಲೆಗೆ ಸಿಕ್ಕಿಸಿದ ಗಡಿಯಾರ. ಅದಕ್ಕೆ ಗಂಟೆ ಗೊತ್ತಿಲ್ಲ, ಊಟದ ಹೊತ್ತು ಗೊತ್ತಿಲ್ಲ. ಗುಂಡಿ ಒತ್ತಿದರೆ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಅಷ್ಟೇ.

"ಕೆಲಸ ಅನ್ನೋದು ಒಂದೇ ಅಲ್ಲ, ಮಾಳಪ್ಪನವರೇ" ಎಂದರು ಮೊದಲ ದಿನ. "ಅದನ್ನು ತುಂಡು ಮಾಡಬೇಕು. ಕೈ ಚಾಚೋದು ಒಂದು, ಹಿಡಿಯೋದು ಒಂದು, ಎತ್ತೋದು ಒಂದು, ಇಡೋದು ಒಂದು. ಒಂದೊಂದನ್ನೂ ಬೇರೆಬೇರೆ ಅಳೀಬೇಕು. ಬೇಡದ್ದನ್ನು ತೆಗೆದುಹಾಕಬೇಕು."

ನಾನು ನೋಡುತ್ತಾ ಹೋದಂತೆ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಮ್ಮಲ್ಲಿ ಒಂದೇ ಮನೆಯವರು ಕುರಿ ಕಾಯುತ್ತಾರೆ, ಉಣ್ಣೆ ಕತ್ತರಿಸುತ್ತಾರೆ, ನೂಲುತ್ತಾರೆ, ಹುಣಸೆ ಬೀಜದ ಗಂಜಿ ಕಾಯಿಸಿ ನೂಲಿಗೆ ಹಚ್ಚುತ್ತಾರೆ, ನೇಯುತ್ತಾರೆ, ಕಡೆಗೆ ತಾವೇ ಹೊದ್ದು ಮಲಗುತ್ತಾರೆ. ಅಲ್ಲಿ ಒಬ್ಬ ಮನುಷ್ಯ ಆ ಬಾಗಿಲಿನಿಂದ ಈ ಬಾಗಿಲಿಗೆ ಗಾಡಿ ತಳ್ಳುತ್ತಿದ್ದ. ಹುಡುಗನಾಗಿ ಸೇರಿದಾಗಿನಿಂದ ಅದೇ ಕೆಲಸವಂತೆ. ಬಾಗಿಲಿನ ಆಚೆ ಏನಾಗುತ್ತದೆ ಎಂದು ಕೇಳಿದೆ. "ಯಾರಿಗೊತ್ತೋ ಮಾರಾಯಾ, ಅದು ನನ್ನ ಬಾಗಿಲಲ್ಲ" ಎಂದ. ಗಿರಣಿಯ ಹಿಂದಿನ ಗುಡ್ಡದಲ್ಲೇ ಕುರಿ ಮೇಯುತ್ತಿದ್ದವು. ಕುರಿಯ ಮೈಮೇಲೆ ಒಮ್ಮೆಯೂ ಕೈ ಇಟ್ಟವನಲ್ಲ ಅವನು.

ಇದಕ್ಕಿಂತ ದೊಡ್ಡ ಆಘಾತ ಇನ್ನೊಂದು. ಅಳೆದ ಹೊತ್ತಿನ ಮೇಲೆ ಸ್ವಲ್ಪ ಹೊತ್ತು ಸೇರಿಸುತ್ತಾರೆ. ಅದು ಯಾತಕ್ಕೆ ಎಂದು ಕೇಳಿದೆ. ದಣಿವಿಗೆ ಇಷ್ಟು, ಮೂಗು ಒರೆಸಲಿಕ್ಕೆ ಇಷ್ಟು, ಎಂದು ಹೇಳುತ್ತ ಬಂದು, ಪ್ರ್ಯಾಟ್ ಸಾಹೇಬರು ದನಿ ತಗ್ಗಿಸಿ, "ಇನ್ನು ಅವರ ಸ್ವಂತದ ಅಗತ್ಯಕ್ಕೆ" ಎಂದರು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕಿವಿ ಬಿಸಿಯಾದವು. ಹೆಂಗಸರು ಹೊರಗೆ ಹೋಗಿ ಬರುವ ಹೊತ್ತನ್ನು ಗಂಡಸೊಬ್ಬ ಲೆಕ್ಕ ಹಾಕಿ ಕಾಗದದಲ್ಲಿ ಬರೆದಿಟ್ಟಿದ್ದಾನೆ! ನಮ್ಮೂರಲ್ಲಿ ಈ ಮಾತು ಎತ್ತಿದ್ದರೂ ಸಾಕು, ಚಪ್ಪಲಿ ಕೈಗೆ ಬರುತ್ತಿತ್ತು. "ಇದು ಅವರ ಒಳ್ಳೇದಕ್ಕೇ, ಬರೆದಿಡದೆ ಇದ್ದರೆ ಅದನ್ನೂ ಕಿತ್ಕೋತಾರೆ" ಎಂದರು ಸಾಹೇಬರು. ಅದೂ ನಿಜವೇ. ನಿಜವಾದರೂ ನನಗೆ ಆ ದಿನ ಊಟ ಸೇರಲಿಲ್ಲ.

ಕಿಟಕಿಯ ಮೇಜು

ಮೇಲಿನ ಅಂತಸ್ತಿನಲ್ಲಿ ಉದ್ದಕ್ಕೂ ದೊಡ್ಡ ಕಿಟಕಿಗಳು. ಒಂದೊಂದು ಕಿಟಕಿಗೆ ಒಂದೊಂದು ಇಳಿಜಾರು ಮೇಜು, ಒಂದೊಂದು ಮೇಜಿಗೆ ಒಬ್ಬೊಬ್ಬ ಹೆಂಗಸು. ಮಗ್ಗದಿಂದ ಇಳಿದ ಕಂಬಳಿಯನ್ನು ಮೇಜಿನ ಮೇಲೆ ಎಳೆದುಕೊಂಡು, ಅಂಗೈಯಿಂದ ಸವರಿ, ಸಿಕ್ಕಿದ ಮುಳ್ಳನ್ನೂ ಗಂಟನ್ನೂ ಸಣ್ಣ ಚಿಮಟದಿಂದ ಕಿತ್ತು, ಎಳೆ ತಪ್ಪಿದಲ್ಲಿ ಸೂಜಿ ಹಾಕುವುದು ಅವರ ಕೆಲಸ. ನೆಲ್ಲಿಬಾಯಿ ಇಪ್ಪತ್ತು ವರ್ಷದಿಂದ ಒಂದೇ ಕಿಟಕಿಯ ಹತ್ತಿರ ಕೂತವಳು. ಆಕೆಯ ಬೆರಳಿನ ಗಿಣ್ಣುಗಳು ವಾತದಿಂದ ಬಾತಿದ್ದವು. ಒಣ ಜಾಗ, ಬೆಳಕು, ಇವೆರಡು ಇದ್ದದ್ದರಿಂದ ಆಕೆಯ ಕೈ ಇನ್ನೂ ನಡೆಯುತ್ತಿತ್ತು. ಗೊತ್ತುಮಾಡಿದ ಹೊತ್ತಿನೊಳಗೆ ಕಂಬಳಿ ಮುಗಿಸಲಾರದವರನ್ನು ಕೆಳಗೆ, ಉಣ್ಣೆ ತೊಳೆಯುವ ನೆಲಮಾಳಿಗೆಗೆ ಹಾಕುತ್ತಿದ್ದರು. ಅಲ್ಲಿ ಬೆಳಗಿನಿಂದ ಸಂಜೆಯ ತನಕ ಸೋಪಿನ ನೀರಿನಲ್ಲಿ ಕೈ. ಅಲ್ಲಿಗೆ ಇಳಿದರೆ ಒಂದೇ ಚಳಿಗಾಲಕ್ಕೆ ತನ್ನ ಬೆರಳು ಮಡಚಲು ಬರುವುದಿಲ್ಲ ಎಂದು ಆಕೆ ಒಮ್ಮೆ ಒಲೆಯ ಮುಂದೆ ಹೇಳಿದ್ದಳು.

ಆ ದಿನ ಪ್ರ್ಯಾಟ್ ಸಾಹೇಬರು ನೆಲ್ಲಿಬಾಯಿಯ ಕೆಲಸ ಅಳೆಯಲು ನಿಂತಿದ್ದರು, ಪಕ್ಕದಲ್ಲಿ ನಾನು. ಕೆಳಗೆ ಯಾವುದೋ ಯಂತ್ರ ನಿಂತು ಅವರಿಗೆ ಕರೆ ಬಂತು. ಹಲಗೆಯನ್ನು ನನ್ನ ಕೈಗಿತ್ತು, "ಒಂದೊಂದು ಕಂಬಳಿ ಮುಗಿದಾಗ ಗಡಿಯಾರ ನೋಡಿ ಬರೆದಿಡಿ, ಅಷ್ಟೇ" ಎಂದು ಹೋದರು.

ನಾನು ನಿಂತೆ. ಆಕೆ ಆ ತುದಿಯಿಂದ ಕಸ ಕೀಳುತ್ತ ಬರುತ್ತಿದ್ದಾಳೆ. ಕಂಬಳಿಯ ಈ ತುದಿ ನನ್ನ ಹೊಟ್ಟೆಗೆ ತಗುಲುತ್ತಿದೆ. ಅದರಲ್ಲಿ ಒಂದು ಮುಳ್ಳು. ಆ ಮುಳ್ಳು ನನ್ನನ್ನೇ ನೋಡುತ್ತಿದೆ. ನಾನು ಸುಮ್ಮನೆ ನಿಂತಿದ್ದೇನೆ, ಕಂದಾಯದ ಜವಾನನ ಹಾಗೆ. ಎಷ್ಟು ಹೊತ್ತು ತಡೆದೆನೋ ತಿಳಿಯದು. ಒಂದು ಮಣೆ ಎಳೆದುಕೊಂಡು, ಹಲಗೆಯನ್ನು ತೊಡೆಯ ಮೇಲಿಟ್ಟು, ಆ ಮುಳ್ಳು ಕಿತ್ತೆ.

"ಬ್ಯಾಡ ತಮ್ಮಾ, ಅದು ನಿನ್ನ ಕೆಲಸಲ್ಲ" ಎಂದಳು ನೆಲ್ಲಿಬಾಯಿ.

ನಮ್ಮಲ್ಲಿ ಮೊದಲ ಸಲ ಎಲ್ಲರೂ 'ಬ್ಯಾಡ' ಎನ್ನುತ್ತಾರೆ. ಅದು ಮರ್ಯಾದೆಯ ಮಾತು. ಹಾಗೆಂದ ಮೇಲೂ ಕೈ ಹಚ್ಚುವುದು ಇನ್ನೂ ದೊಡ್ಡ ಮರ್ಯಾದೆ. ಆಕೆ ಮತ್ತೊಮ್ಮೆ ಹೇಳಲಿಲ್ಲ. ಅಳೆಯುವಾಗ ಮಾತಾಡಬಾರದೆಂಬ ಕಟ್ಟಳೆ ಇತ್ತು. ಇಬ್ಬರೂ ಎರಡು ತುದಿಯಿಂದ ಬಂದು ನಡುವೆ ಕೂಡಿಕೊಂಡೆವು. ಎಳವೆಯಿಂದ ಉಣ್ಣೆ ಬಿಡಿಸಿದ ಉಗುರುಗಳು ನನ್ನವು, ಚಿಮಟ ಯಾತಕ್ಕೆ? ಕಂಬಳಿಯ ಮೇಲೆ ಕಂಬಳಿ ಮುಗಿಯಿತು. ಒಂದೊಂದು ಮುಗಿದಾಗಲೂ ಗಡಿಯಾರ ನೋಡಿ ಬರೆದೆ, ಒಂದು ಗೀಟೂ ಸುಳ್ಳಿಲ್ಲದೆ. ಎಷ್ಟೋ ತಿಂಗಳ ಮೇಲೆ ಆ ಮಧ್ಯಾಹ್ನ ನನಗೆ ನಮ್ಮ ಅಂಗಳದಲ್ಲಿ ಕೂತಷ್ಟು ಸುಖವಾಯಿತು. ಪ್ರ್ಯಾಟ್ ಸಾಹೇಬರು ಬರುವ ಹೊತ್ತಿಗೆ ಕೆಲಸ ಮುಗಿದು ನಾನು ಎದ್ದು ನಿಂತಿದ್ದೆ. ಅಂಕಿಗಳನ್ನು ನೋಡಿ ಅವರು ಹುಬ್ಬೇರಿಸಿದರು, ಕಾಗದವನ್ನು ಒಯ್ದರು.

ಕರಿಹಲಗೆಯ ಮುಂದೆ

ಮುಂದಿನ ವಾರ ಒಂದು ಬೆಳಗ್ಗೆ ಮೇಲಿನ ಅಂತಸ್ತಿಗೆ ಹೋದರೆ ಹೆಂಗಸರೆಲ್ಲ ಕರಿಹಲಗೆಯ ಮುಂದೆ ಗುಂಪಾಗಿ ನಿಂತಿದ್ದರು. ಸುಣ್ಣದ ಕಡ್ಡಿಯಲ್ಲಿ ಬರೆದದ್ದು ಕಂಬಳಿಯ ಕಸ ಬಿಡಿಸುವ ಹೊಸ ಹೊತ್ತು. ಹಳೆಯದರ ಅರ್ಧಕ್ಕೆ ಸ್ವಲ್ಪ ಮೇಲೆ. ಕೆಳಗೆ, ಇದು ನೆಲ್ಲಿಯ ಮೇಜಿನಲ್ಲಿ ಅಳೆದು ಗೊತ್ತುಮಾಡಿದ್ದು ಎಂದು ಒಕ್ಕಣೆ.

ಅದು ನೆಲ್ಲಿಯ ಹೊತ್ತಲ್ಲ. ನಾಲ್ಕು ಕೈಯ ಹೊತ್ತು. ಅದನ್ನು ಎರಡು ಕೈಯ ಲೆಕ್ಕಕ್ಕೆ ಬರೆದುಕೊಂಡಿದ್ದಾರೆ. ಬರೆದುಕೊಟ್ಟವನು ನಾನೇ! ನೆರವಾಗಲು ಹೋಗಿ ಆ ಹೆಂಗಸನ್ನು ನೆಲಮಾಳಿಗೆಯ ಸೋಪಿನ ನೀರಿಗೆ ನೂಕಿದ್ದೆ, ಜೊತೆಗೆ ಆ ಅಂತಸ್ತಿನ ಅಷ್ಟೂ ಹೆಂಗಸರನ್ನು. ಅವರು ನೆಲ್ಲಿಬಾಯಿಯ ಕಡೆ ತಿರುಗಿ ನೋಡಿದರು. ಅವರ ನೋಟದಲ್ಲಿ ಸಿಟ್ಟಿತ್ತು. ಸಾಹೇಬರ ಮುಂದೆ ಮೆರೆಯಲು ಓಡಿ ಓಡಿ ದುಡಿದಳು ಎಂದುಕೊಂಡಿರಬೇಕು. ಆಕೆ ಯಾರಿಗೂ ಏನೂ ಹೇಳದೆ ಹೋಗಿ ತನ್ನ ಮೇಜಿನ ಮುಂದೆ ಕೂತಳು. ನನ್ನ ಕಡೆ ನೋಡಲಿಲ್ಲ.

ನಾನು ಓಡಿಹೋಗಿ ಪ್ರ್ಯಾಟ್ ಸಾಹೇಬರನ್ನು ಎಳೆದುಕೊಂಡೇ ಬಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕೇಳಿ, ಮೃದುವಾಗಿ ನಕ್ಕರು.

"ನೀವು ಅವರ ಮನೇಲೇ ಇಳ್ಕೊಂಡಿದ್ದೀರಲ್ಲವೇ?"

"ಹೌದು."

"ಅವರ ಮೇಲೆ ನಿಮಗೆ ಮರುಕ. ಅದು ಸಹಜ. ಆದರೆ ಯೋಚನೆ ಮಾಡಿ, ಸಂಬಳವಿಲ್ಲದೆ, ಯಾರೂ ಹೇಳದೆ, ತನ್ನದಲ್ಲದ ಕೆಲಸವನ್ನು ಯಾರಾದರೂ ಅರ್ಧ ದಿನ ಕೂತು ಮಾಡ್ತಾರೆಯೇ?"

ಕೋಲಿನಿಂದ ಎಬ್ಬಿಸುವವನನ್ನು ಕಂಡಾಗಲೂ, ಬಾಗಿಲ ಆಚೆ ಗೊತ್ತಿಲ್ಲದವನನ್ನು ಕಂಡಾಗಲೂ, ಹೊರಗೆ ಹೋಗಿ ಬರುವ ಹೊತ್ತಿನ ಲೆಕ್ಕ ಕೇಳಿದಾಗಲೂ ನನಗೆ ಇಷ್ಟು ಆಘಾತವಾಗಿರಲಿಲ್ಲ. ನಾನು ಕದ್ದೆ ಎಂದಿದ್ದರೆ ಅವರು ನಂಬುತ್ತಿದ್ದರು. ಕೈ ಹಚ್ಚಿದೆ ಎಂದರೆ ನಂಬಲಿಲ್ಲ.

"ಬೇಕಾದರೆ ತೋರಿಸುತ್ತೇನೆ" ಎಂದೆ. ಒಂದು ಕಂಬಳಿ ಎಳೆದುಕೊಂಡು ಕೂತೆ. ಸಾಹೇಬರು ಗಡಿಯಾರದ ಗುಂಡಿ ಒತ್ತಿದರು. ಮಾನ ಉಳಿಸಿಕೊಳ್ಳುವ ಹಟ ನೋಡಿ, ನನ್ನ ಉಗುರುಗಳು ಕುಣಿದವು. ಮುಳ್ಳು, ಗಂಟು, ಹುಲ್ಲು, ಎಲ್ಲ ಹಾರಿ ನೆಲಕ್ಕೆ ಬಿದ್ದವು. ನಡುವೆ ಒಮ್ಮೆ ತಲೆ ಎತ್ತಿ ನೋಡಿದೆ. ಪ್ರ್ಯಾಟ್ ಸಾಹೇಬರ ಮುಖ ಅರಳಿತ್ತು.

"ನೋಡಿದ್ರಾ? ಒಬ್ಬರೇ ಇಷ್ಟು ಬೇಗ ಮಾಡೋದು ಸಾಧ್ಯ ಇದೆ ಅಂತಾಯ್ತಲ್ಲ!"

ನನ್ನ ಕೈ ಅಲ್ಲೇ ನಿಂತಿತು. ನಿಜ ಹೇಳುತ್ತೇನೆ ಎಂದು ಕೂತು ಕರಿಹಲಗೆಯ ಅಂಕಿಗೆ ನಾನೇ ಮೊಳೆ ಹೊಡೆದಿದ್ದೆ. ಹಾಳಾದ ಉಗುರುಗಳು ಎಂದು ಅವನ್ನೇ ನೋಡುತ್ತ ಕೂತೆ.

ಆಗ ನೆಲ್ಲಿಬಾಯಿ ಎದ್ದಳು.

"ಸಾಕು ಬಿಡ್ರಿ" ಎಂದಳು. ತನ್ನ ಮೇಜಿನ ಕೆಳಗಿನಿಂದ ಮಡಚಿಟ್ಟಿದ್ದ ಮೂರು ಕಂಬಳಿಗಳನ್ನು ಎಳೆದು ಹರವಿದಳು. "ಹೋದ ವಾರ ಅಳದಿದ್ದು ಇವೇ. ಕೆಳಗ ಪರೀಕ್ಷಾ ಮಾಡವರು ಎಲ್ಲಾನೂ ಹೊಳ್ಳಿ ಕಳಿಸ್ಯಾರ. ಒಂದೊಂದs ಸುದ್ದ ಮಾಡಾಕತ್ತೇನಿ. ಇವಿಷ್ಟು ಉಳದಾವ. ಕೈ ಆಡಿಸಿ ನೋಡ್ರಿ."

ಪ್ರ್ಯಾಟ್ ಸಾಹೇಬರು ಅಂಗೈಯಿಂದ ಸವರಿದರು. ಕಂಬಳಿಯ ಒಂದು ಅರ್ಧ ರೇಷ್ಮೆಯ ಹಾಗೆ ನುಣುಪು. ಇನ್ನೊಂದು ಅರ್ಧ, ಉಗುರು ಹಾಕಿ ಕಿತ್ತಲ್ಲೆಲ್ಲ ಎಳೆ ಕೆದರಿ, ಬೇಸಿಗೆಯಲ್ಲಿ ಅರೆಬರೆ ಕತ್ತರಿಸಿದ ಕುರಿಯ ಮೈ ಹಾಗೆ. ಎರಡನೆಯ ಕಂಬಳಿಯೂ ಹಾಗೆಯೇ. ಮೂರನೆಯದೂ ಹಾಗೆಯೇ.

"ಈ ಕಡಿದು ನನ್ನ ಕೈ" ಎಂದಳು ನೆಲ್ಲಿಬಾಯಿ. "ಆ ಕಡಿದು ಈ ತಮ್ಮನ ಕೈ. ಇಷ್ಟು ಹೊಲಸು ಕೆಲಸ ಈ ಅಂತಸ್ತಿನ್ಯಾಗ ಯಾಕಿನೂ ಮಾಡಂಗಿಲ್ಲ. ಬೇಕಾದ್ರ ಈಗ ಮಾಡ್ಯಾನಲ್ಲ, ಅದನ್ನೂ ನೋಡ್ರಿ."

ಸಾಹೇಬರು ನನ್ನ ಮುಂದಿನ ಕಂಬಳಿಯನ್ನು ಸವರಿದರು. ಒಬ್ಬ ಹೆಂಗಸು ಕಿಸಕ್ಕೆಂದಳು. ಮತ್ತೊಬ್ಬಳು ನಕ್ಕಳು. ಆಮೇಲೆ ಇಡೀ ಅಂತಸ್ತು ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೇವಾಪುರದ ಉಗುರಿನ ಮಾನ ಅಲ್ಲಿ ಮೂರು ಕಾಸಿಗೆ ಹರಾಜಾಯಿತು. ಹರಾಜಾದರೆ ಆಗಲಿ, ಪ್ರ್ಯಾಟ್ ಸಾಹೇಬರು ಕರಿಹಲಗೆಯ ಹತ್ತಿರ ಹೋಗಿ, ತಮ್ಮ ಕೋಟಿನ ತೋಳಿನಿಂದಲೇ ಆ ಅಂಕಿಯನ್ನು ಒರೆಸಿದರು. ಮರುದಿನ ಮತ್ತೆ ಅಳತೆ ಎಂದರು. ಅಳತೆ ನಡೆಯುವಾಗ ನನ್ನನ್ನು ಗೋಡೆಗೆ ಬೆನ್ನು ಹಚ್ಚಿ, ಕೈ ಕಿಸೆಯಲ್ಲಿಟ್ಟು ನಿಲ್ಲಲು ಹೇಳಿದರು. ನೆಲ್ಲಿಬಾಯಿಯ ಹೊತ್ತು ಹಳೆಯ ಹೊತ್ತಿಗೇ ಬಂದು ಕೂತಿತು.

ಮನೆಗೆ ಹೋಗುವ ದಾರಿ

ಮರು ಅಳತೆ ಮುಗಿದ ಆ ಸಂಜೆ ಇಬ್ಬರೂ ಮಳೆಯಲ್ಲಿ ನಡೆದು ಬರುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ.

"ನಾ ಕೆಡಿಸಿದ್ದನ್ನ ನೀವು ಒಂದು ವಾರ ಕುಂತು ಸುದ್ದ ಮಾಡೀರಿ. ನನಗ ಒಂದು ಮಾತು ಹೇಳಲಿಲ್ಲ. ಮೊದಲs ಯಾಕ ತಡೀಲಿಲ್ರಿ?"

"ನೀ ಕಲಿಯಾಕ ಬಂದಾವ, ನೀ ಬರದಿದ್ದು ಲೆಕ್ಕಕ್ಕ ಹಿಡಿಯಂಗಿಲ್ಲ ಅಂದುಕೊಂಡಿದ್ದೆ. ಹಲಗಿಮ್ಯಾಲ ಬರದಾಗ ತಿಳೀತು. ಹೇಳಿದ್ರ ನಿನ್ನ ಮೂಟಿ ಕಟ್ಟಿ ಊರಿಗಿ ಕಳಿಸ್ತಿದ್ರು."

"ಕಳಿಸಿದ್ರ ಕಳಿಸ್ತಿದ್ರು! ನಿಮ್ಮ ಕೈ ಹೋಗ್ತಿತ್ತಲ್ಲ!"

ಆಕೆ ಮಳೆಗೆ ತಲೆಯ ವಸ್ತ್ರವನ್ನು ಮುಂದಕ್ಕೆ ಎಳೆದುಕೊಂಡಳು.

"ಇಪ್ಪತ್ತು ವರ್ಷ ಆ ಮೇಜಿಗಿ ಕುಂತೀನಿ ತಮ್ಮಾ. ಎದುರಿಗಿ ಬಂದು ನಿಂತವರು ಭಾಳ ಮಂದಿ. ಕುಂತವ ನೀ ಒಬ್ಬನs. ಕೆಲಸ ಹೊಲಸು ಮಾಡಿದಿ, ಖರೇ. ಆದ್ರ ಕುಂತಿ."

ಊರಿಗೆ ಹೊರಟ ದಿನ ಆಕೆ ನನ್ನ ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟಳು. ಒಳಗೆ ಅವಳ ಹಳೆಯ ಚಿಮಟ ಇತ್ತು. "ಇನ್ನ ಉಗುರು ಸಾಕು" ಎಂದಳು.

ಶಹಾಪುರ

ಬರುವಾಗ ಸುಯೆಜ್ ಕಾಲುವೆ ಮುಚ್ಚಿತ್ತು. ಹಡಗು ಇಡೀ ಆಫ್ರಿಕಾ ಸುತ್ತಿ ಬಂತು. ಅಷ್ಟರಲ್ಲಿ ಇಲ್ಲಿ ರಾಜ್ಯವೇ ಬದಲಾಗಿತ್ತು. ಹೈದರಾಬಾದಿನ ನೌಕರನಾಗಿ ಹೋದವನು ಮೈಸೂರಿನ ನೌಕರನಾಗಿ ಇಳಿದೆ. ಕೇಂದ್ರದಲ್ಲಿ ಅದೇ ಕುರ್ಚಿ, ಅದೇ ಮುರಿದ ಕಾಲು. ಮೇಲೆ ಹೊಸ ಸಾಹೇಬರು, ಮೈಸೂರಿನಿಂದ ಬಂದವರು. ಅವರ ಮಾತು ಕೇಳಿದೊಡನೆ ನನಗೆ ಪ್ರ್ಯಾಟ್ ಸಾಹೇಬರೇ ಎದುರು ನಿಂತಂತಾಯಿತು.

"ಗಡಿಯಾರ ತಂದಿದ್ದೀರಲ್ಲ? ಶುರು ಮಾಡೋಣ" ಎಂದರು.

ಪಡಸಾಲೆಯಲ್ಲಿ ಹೆಂಗಸರು ಉಣ್ಣೆ ಹರವಿಕೊಂಡು ಕೂತಿದ್ದರು. ಎಲ್ಲರಿಗಿಂತ ಹಿರಿಯಳು ಯಲ್ಲವ್ವ, ನಮ್ಮ ಅವ್ವನ ವಾರಿಗೆಯವಳು, ನಾನು ಹುಟ್ಟಿದಾಗ ನೀರು ಎರೆದವಳು. ನನ್ನನ್ನು ಕಂಡು, "ಬಾರೋ ಮಾಳಪ್ಪಾ, ಬಡಕಾಗಿದಿ! ಅಲ್ಲಿ ಏನರ ಉಣ್ಣಾಕ ಹಾಕಿದ್ರೋ ಇಲ್ಲೋ?" ಎಂದು ಒಂದು ಹಿಡಿ ಉಣ್ಣೆಯನ್ನು ನನ್ನ ಮುಂದೆ ಸರಿಸಿದಳು.

ನಾನು ಕೂರಲಿಲ್ಲ. ಈಗ ನನಗೆ ತಿಳಿದಿತ್ತು. ಕೂತರೆ ಇವರ ಹೊತ್ತು ಕೆಡುತ್ತದೆ, ಕೆಟ್ಟ ಹೊತ್ತು ಕರಿಹಲಗೆ ಏರುತ್ತದೆ. ಗುಂಡಿ ಒತ್ತಿ, ಗೋಡೆಗೆ ಬೆನ್ನು ಹಚ್ಚಿ, ಇನ್ನೊಂದು ಕೈಯನ್ನು ಕಿಸೆಯಲ್ಲಿಟ್ಟು ನಿಂತೆ. ಸಾಹೇಬರು ಬಾಗಿಲಲ್ಲಿ ನಿಂತು ತಲೆಯಾಡಿಸಿದರು.

ಹೆಂಗಸರ ಮಾತು ನಿಂತಿತು. ಒಬ್ಬೊಬ್ಬರಾಗಿ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಅವರು ಗಾಬರಿಯಾಗಿದ್ದರು. ಯಲ್ಲವ್ವ ಮೊಣಕಾಲಿಗೆ ಕೈಯೂರಿ ಎದ್ದು ನನ್ನ ಹತ್ತಿರ ಬಂದಳು. ಕಿಸೆಯಲ್ಲಿದ್ದ ನನ್ನ ಕೈಯನ್ನು ಹೊರಗೆ ಎಳೆದಳು. ಅಂಗೈ ತಿರುವಿ ನೋಡಿದಳು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದಳು.

"ಕೈಗಿ ಏನೂ ಆಗಿಲ್ಲಬೇ" ಎಂದು ಉಳಿದವರ ಕಡೆ ತಿರುಗಿ ಹೇಳಿದಳು. "ನೆಟ್ಟಗs ಅದ. ಮತ್ಯಾಕ ಹಿಂಗ ನಿಂತಾನ?"

ನಾನು ಮೊದಲು ಗಡಿಯಾರದ ಗುಂಡಿ ಒತ್ತಿದೆ. ಮುಳ್ಳು ನಿಂತದ್ದನ್ನು ಸಾಹೇಬರಿಗೆ ತೋರಿಸಿದೆ. ಆಮೇಲೆ ಕೂತೆ.